ಹವ್ಯಾಸಿ ಮುಷ್ಟಿಯುದ್ಧ

ಮುಷ್ಟಿ ಬಿಗಿದು ಮತ್ತೊಬ್ಬನನ್ನು ಹೊಡೆಯುವುದು ಜಗಳವೆನಿಸಿಕೊಳ್ಳುತ್ತದೆ. ಅದೇ ಹೊಡೆತವು ಒಂದು ಕಟ್ಟುಪಾಡಿಗೆ ಒಳಪಟ್ಟಾಗ ಕ್ರೀಡೆಯೆನಿಸಿಕೊಳ್ಳುತ್ತದೆ. ಎಲ್ಲಿ ಹೊಡೆಯಬಹುದು, ಎಲ್ಲಿ ಹೊಡೆಯಕೂಡದು, ಎಷ್ಟು ಹೊತ್ತು ಹೋರಾಡಬೇಕು, ಕೆಳಗೆ ಬಿದ್ದವನಿಗೆ ಏಳಲು ಎಷ್ಟು ಅವಕಾಶ ಕೊಡಬೇಕು, ಗೆದ್ದವರು ಯಾರೆಂದು ಹೇಳುವವರು ಯಾರು ಎಂಬ ಪ್ರಶ್ನೆಗಳಿಗೆ ಮನುಷ್ಯನು ಕಂಡುಕೊಂಡ ಉತ್ತರಗಳ ಚರಿತ್ರೆಯೇ ಮುಷ್ಟಿಯುದ್ಧದ ಚರಿತ್ರೆ.

ಓಟದ ಸ್ಪರ್ಧೆಯಲ್ಲಿ ಗಡಿಯಾರವು ತೀರ್ಪು ಹೇಳುತ್ತದೆ. ಎತ್ತರ ಜಿಗಿತದಲ್ಲಿ ಅಡ್ಡಪಟ್ಟಿಯು ಹೇಳುತ್ತದೆ. ಮುಷ್ಟಿಯುದ್ಧದಲ್ಲಿ ಹಾಗಲ್ಲ. ಎದುರಾಳಿಯು ನೆಲಕ್ಕೆ ಬಿದ್ದು ಏಳದೆ ಹೋದ ಸಂದರ್ಭಗಳನ್ನು ಬಿಟ್ಟರೆ, ಇಲ್ಲಿ ತೀರ್ಪು ಹೇಳಬೇಕಾದದ್ದು ಮನುಷ್ಯರ ಕಣ್ಣು. ವೃತ್ತಿಪರ ಮುಷ್ಟಿಯೋಧನಿಗೆ ಸೋತರೂ ಕೈಗೆ ಹಣ ಬರುತ್ತದೆ. ಹವ್ಯಾಸಿಗೆ ಅಂತಹ ಸಮಾಧಾನವಿಲ್ಲ. ವರ್ಷಗಟ್ಟಲೆ ಪಟ್ಟ ಶ್ರಮಕ್ಕೆ ಅವನು ಪಡೆಯುವ ಪ್ರತಿಫಲವೆಂದರೆ ಆ ತೀರ್ಪು ಒಂದೇ. ಅದು ನ್ಯಾಯವಾಗಿರಬೇಕು, ಅದನ್ನು ಕೇಳುವ ವೇಳೆಗೆ ಹೋರಾಡಿದವನ ದೇಹವು ಸುರಕ್ಷಿತವಾಗಿಯೂ ಇರಬೇಕು. ಹವ್ಯಾಸಿ ಮುಷ್ಟಿಯುದ್ಧದಲ್ಲಿ ಕಳೆದ ನೂರೈವತ್ತು ವರ್ಷಗಳಲ್ಲಿ ಆದ ಬದಲಾವಣೆಗಳೆಲ್ಲವೂ ಬಹುಮಟ್ಟಿಗೆ ಈ ಎರಡು ಅಗತ್ಯಗಳಿಂದ ಹುಟ್ಟಿದವು.

ಪ್ರಾಚೀನ ಗ್ರೀಸ್ ದೇಶದ ಒಲಿಂಪಿಕ್ ಕ್ರೀಡೆಗಳಲ್ಲಿ ಮುಷ್ಟಿಯುದ್ಧವು ಕ್ರಿ.ಪೂ. 688ರಲ್ಲಿ ಸೇರ್ಪಡೆಯಾಯಿತು. ಸ್ಪರ್ಧಿಗಳು ಕೈಗಳಿಗೆ ಎತ್ತಿನ ತೊಗಲಿನ ಪಟ್ಟಿಗಳನ್ನು ಸುತ್ತಿಕೊಳ್ಳುತ್ತಿದ್ದರು. ಅಂದು ತೂಕದ ವಿಭಾಗಗಳಿರಲಿಲ್ಲ, ಸುತ್ತುಗಳಿರಲಿಲ್ಲ, ಕಾಲದ ಮಿತಿಯೂ ಇರಲಿಲ್ಲ. ಇಬ್ಬರಲ್ಲೊಬ್ಬನು ಪ್ರಜ್ಞೆ ತಪ್ಪಿ ಬೀಳುವವರೆಗೆ, ಇಲ್ಲವೆ ಬೆರಳೆತ್ತಿ ಸೋಲೊಪ್ಪಿಕೊಳ್ಳುವವರೆಗೆ ಹೋರಾಟವು ನಡೆಯುತ್ತಿತ್ತು. ಅಂತಹ ಹೋರಾಟದಲ್ಲಿ ತೀರ್ಪುಗಾರನಿಗೆ ಹೆಚ್ಚಿನ ಕೆಲಸವಿರಲಿಲ್ಲ.

ಮುಂದೆ 18 ಮತ್ತು 19ನೆಯ ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿ ಮುಷ್ಟಿಯುದ್ಧವು ಪಂದ್ಯದ ಹಣಕ್ಕಾಗಿ ನಡೆಯುವ ಬರಿಗೈ ಕಾಳಗವಾಯಿತು. ಅದನ್ನು ಸುಧಾರಿಸಲು 1867ರಲ್ಲಿ ಹೊಸ ನಿಯಮಾವಳಿಯೊಂದು ಪ್ರಕಟವಾಯಿತು. ಅದನ್ನು ರಚಿಸಿದವರು ಜಾನ್ ಗ್ರಹಾಂ ಚೇಂಬರ್ಸ್. ಆದರೆ ಅದಕ್ಕೆ ಬೆಂಬಲವಿತ್ತ ಶ್ರೀಮಂತನ ಹೆಸರಿನಿಂದ ಅದು ‘ಕ್ವೀನ್ಸ್‌ಬರಿ ನಿಯಮಗಳು’ ಎಂದೇ ಪ್ರಸಿದ್ಧವಾಗಿದೆ. ಕೈಗವಸು ಧರಿಸಬೇಕು, ಒಂದು ಸುತ್ತು ಮೂರು ನಿಮಿಷಗಳದ್ದಾಗಿರಬೇಕು, ಎರಡು ಸುತ್ತುಗಳ ನಡುವೆ ಒಂದು ನಿಮಿಷದ ವಿಶ್ರಾಂತಿಯಿರಬೇಕು, ಬಿದ್ದವನು ಹತ್ತು ಸೆಕೆಂಡುಗಳೊಳಗೆ ಏಳಬೇಕು, ಕುಸ್ತಿಯ ಪಟ್ಟುಗಳನ್ನು ಹಾಕಕೂಡದು ಎಂಬುವು ಅದರ ಮುಖ್ಯಾಂಶಗಳು. ಹಣದ ಕಾಳಗದಿಂದ ದೂರವಿರಬಯಸಿದವರು 1880ರಲ್ಲಿ ಇಂಗ್ಲೆಂಡಿನಲ್ಲಿ ಹವ್ಯಾಸಿಗಳ ಸಂಘವನ್ನು ಸ್ಥಾಪಿಸಿದರು. ಮರುವರ್ಷವೇ ಅದರ ಮೊದಲ ಪಂದ್ಯಾವಳಿಯು ನಡೆಯಿತು.

ಇಲ್ಲಿಂದ ಮುಷ್ಟಿಯುದ್ಧವು ಎರಡು ಕವಲುಗಳಾಗಿ ಹರಿಯಿತು. ವೃತ್ತಿಪರರ ಹೋರಾಟವು ಅನೇಕ ಸುತ್ತುಗಳವರೆಗೆ ಲಂಬಿಸುವಂತಹದು. ಅಲ್ಲಿ ಸಹನಶಕ್ತಿಗೂ ಎದುರಾಳಿಯನ್ನು ಕುಗ್ಗಿಸುವ ಬಲಕ್ಕೂ ಬೆಲೆ ಹೆಚ್ಚು. ಹವ್ಯಾಸಿಗಳದು ಸಾಮಾನ್ಯವಾಗಿ ಮೂರೇ ಸುತ್ತುಗಳ ಹೋರಾಟ. ಒಂಬತ್ತು ನಿಮಿಷಗಳಲ್ಲಿ ತನ್ನ ಕೌಶಲವನ್ನೆಲ್ಲ ತೋರಿಸಬೇಕು. ಕೈಗವಸಿನ ಗೆಣ್ಣಿನ ಭಾಗವು ಎದುರಾಳಿಯ ಮುಖದ ಮೇಲೋ ತಲೆಯ ಪಕ್ಕದಲ್ಲೋ ಸೊಂಟಪಟ್ಟಿಯ ಮೇಲಿನ ದೇಹದ ಮುಂಭಾಗದಲ್ಲೋ ಸ್ಪಷ್ಟವಾಗಿ ತಗುಲಿದರೆ ಮಾತ್ರ ಅದು ಲೆಕ್ಕಕ್ಕೆ ಬರುವ ಹೊಡೆತ. ತೀರ್ಪುಗಾರರ ಕಣ್ಣಿಗೆ ಎದ್ದು ಕಾಣಲೆಂದು ಕೈಗವಸಿನ ಆ ಭಾಗಕ್ಕೆ ಬಿಳಿಯ ಬಣ್ಣವಿರುತ್ತಿತ್ತು. ಸ್ಪರ್ಧಿಯು ಬೀಳದೆ ನಿಂತೇ ಇದ್ದರೂ, ಹೊಡೆತದಿಂದ ತತ್ತರಿಸಿದ್ದಾನೆಂದು ಕಂಡುಬಂದರೆ ರೆಫರಿಯು ಹೋರಾಟವನ್ನು ತಡೆದು ಎಂಟರವರೆಗೆ ಎಣಿಸುತ್ತಾನೆ. ಅಗತ್ಯವೆನಿಸಿದರೆ ಪಂದ್ಯವನ್ನೇ ನಿಲ್ಲಿಸುತ್ತಾನೆ. ಎದುರಾಳಿಯನ್ನು ಕೆಡವುವುದಕ್ಕಿಂತ, ತಾನು ಹೊಡೆತ ತಿನ್ನದೆ ಅವನನ್ನು ಮುಟ್ಟುವುದೇ ಮೇಲು ಎಂಬುದು ಹವ್ಯಾಸಿ ಮುಷ್ಟಿಯುದ್ಧದ ಮೂಲತತ್ತ್ವ.

ಆಧುನಿಕ ಒಲಿಂಪಿಕ್ಸ್‌ನಲ್ಲಿ ಮುಷ್ಟಿಯುದ್ಧವು 1904ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಮೊದಲು ಕಾಣಿಸಿಕೊಂಡಿತು. 1912ರ ಸ್ಟಾಕ್‌ಹೋಮ್ ಕ್ರೀಡೆಗಳಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಏಕೆಂದರೆ ಸ್ವೀಡನ್ ದೇಶದ ಕಾನೂನು ಆ ಕ್ರೀಡೆಯನ್ನೇ ನಿಷೇಧಿಸಿತ್ತು. 1920ರಿಂದ ಅದು ಎಡೆಬಿಡದೆ ನಡೆದುಬಂದಿದೆ. 1946ರಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ಮುಷ್ಟಿಯುದ್ಧ ಸಂಸ್ಥೆಯು ಸ್ಥಾಪನೆಯಾಗಿ, ಜಗತ್ತಿಗೆಲ್ಲ ಒಂದೇ ನಿಯಮಾವಳಿಯನ್ನು ರೂಪಿಸುವ ಹೊಣೆಯನ್ನು ಹೊತ್ತಿತು.

ಎರಡನೆಯ ಮಹಾಯುದ್ಧದ ನಂತರದ ಮೊದಲ ಒಲಿಂಪಿಕ್ಸ್‌ನಲ್ಲಿ, ಎಂದರೆ 1948ರಲ್ಲಿ ಲಂಡನ್ನಿನಲ್ಲಿ, ಹಂಗೇರಿಯ ಲಾಸ್ಲೋ ಪಾಪ್ ಚಿನ್ನದ ಪದಕವನ್ನು ಗೆದ್ದರು. ಎಡಗೈಯ ಹೊಡೆತಕ್ಕೆ ಹೆಸರಾದ ಅವರು 1952ರಲ್ಲಿ ಹೆಲ್ಸಿಂಕಿಯಲ್ಲಿಯೂ 1956ರಲ್ಲಿ ಮೆಲ್ಬರ್ನಿನಲ್ಲಿಯೂ ಮತ್ತೆ ಚಿನ್ನವನ್ನೇ ಪಡೆದು, ಮೂರು ಒಲಿಂಪಿಕ್ ಚಿನ್ನ ಗೆದ್ದ ಮೊದಲ ಮುಷ್ಟಿಯೋಧರೆನಿಸಿದರು. ಆಗಿನ ಹಂಗೇರಿಯಲ್ಲಿ ವೃತ್ತಿಪರ ಮುಷ್ಟಿಯುದ್ಧಕ್ಕೆ ಅವಕಾಶವಿರಲಿಲ್ಲ. 1957ರಲ್ಲಿ, ತಮ್ಮ ಮೂವತ್ತೊಂದನೆಯ ವಯಸ್ಸಿನಲ್ಲಿ, ಸರ್ಕಾರದ ವಿಶೇಷ ಅನುಮತಿ ಪಡೆದು ಪಾಪ್ ವಿದೇಶದಲ್ಲಿ ವೃತ್ತಿಪರರಾದರು. ಯೂರೋಪಿನ ಪ್ರಶಸ್ತಿಯನ್ನು ಗೆದ್ದು, ಒಂದು ಪಂದ್ಯವನ್ನೂ ಸೋಲದೆ ಮುಂದುವರಿದರು. ವಿಶ್ವ ಪ್ರಶಸ್ತಿಯ ಹೋರಾಟವು ಸಮೀಪಿಸಿದಾಗ ಸರ್ಕಾರವು ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಎದುರಾಳಿಗಳಾರೂ ಸೋಲಿಸಲಾಗದ ವ್ಯಕ್ತಿಯನ್ನು ಒಂದು ಕಾಗದವು ಅಖಾಡದಿಂದ ಕೆಳಗಿಳಿಸಿತು.

ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿತ್ತು. ಅಲ್ಲಿ ಒಲಿಂಪಿಕ್ ಪದಕವು ವೃತ್ತಿಪರ ಜೀವನಕ್ಕೆ ಏರುವ ಮೆಟ್ಟಿಲು. 1960ರಲ್ಲಿ ರೋಮ್ ನಗರದಲ್ಲಿ ಚಿನ್ನ ಗೆದ್ದ ಹದಿನೆಂಟರ ತರುಣ ಕ್ಯಾಸಿಯಸ್ ಕ್ಲೇ ಮುಂದೆ ಮಹಮ್ಮದ್ ಅಲಿ ಎಂಬ ಹೆಸರಿನಿಂದ ಜಗತ್ಪ್ರಸಿದ್ಧರಾದರು. 1964ರಲ್ಲಿ ಟೋಕಿಯೋದಲ್ಲಿ ಗೆದ್ದ ಜೋ ಫ್ರೇಜಿಯರ್, 1968ರಲ್ಲಿ ಮೆಕ್ಸಿಕೋದಲ್ಲಿ ಗೆದ್ದ ಜಾರ್ಜ್ ಫೋರ್‌ಮನ್ ಇಬ್ಬರೂ ಅದೇ ದಾರಿಯಲ್ಲಿ ನಡೆದು ವಿಶ್ವದ ವೃತ್ತಿಪರ ಪ್ರಶಸ್ತಿಯನ್ನು ಮುಟ್ಟಿದರು. ಇವರ ಹವ್ಯಾಸಿ ಜೀವನವು ಅಲ್ಪಕಾಲದ್ದು.

ಹವ್ಯಾಸಿ ಅಖಾಡವನ್ನೇ ಗುರಿಯೆಂದು ಭಾವಿಸಿ ಅಲ್ಲಿಯೇ ನೆಲೆನಿಂತವರಲ್ಲಿ ಕ್ಯೂಬಾದ ಟಿಯೋಫಿಲೋ ಸ್ಟೀವನ್‌ಸನ್ ಅಗ್ರಗಣ್ಯರು. ಕ್ಯೂಬಾ ದೇಶವು 1960ರ ದಶಕದ ಆರಂಭದಲ್ಲಿ ವೃತ್ತಿಪರ ಕ್ರೀಡೆಯನ್ನು ರದ್ದುಪಡಿಸಿತ್ತು. ಆದರೆ ಪ್ರತಿಭೆಯುಳ್ಳ ಬಾಲಕರನ್ನು ಹುಡುಕಿ, ಸರ್ಕಾರದ ಖರ್ಚಿನಲ್ಲಿ ತರಬೇತಿ ಕೊಡುವ ವ್ಯವಸ್ಥೆಯನ್ನು ಅದು ಬೆಳೆಸಿತು. 1972ರಲ್ಲಿ ಮ್ಯೂನಿಕ್ ನಗರದಲ್ಲಿ ಇಪ್ಪತ್ತು ವರ್ಷದ ಸ್ಟೀವನ್‌ಸನ್ ಹೆವಿವೇಟ್ ವಿಭಾಗದ ಚಿನ್ನ ಗೆದ್ದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿಯೂ 1980ರಲ್ಲಿ ಮಾಸ್ಕೋದಲ್ಲಿಯೂ ಅದನ್ನು ಉಳಿಸಿಕೊಂಡರು. ಎತ್ತರದ ನಿಲುವು, ಎದುರಾಳಿಯನ್ನು ದೂರದಲ್ಲಿಯೇ ನಿಲ್ಲಿಸುವ ಎಡಗೈ, ಸಮಯ ನೋಡಿ ಎರಗುವ ಬಲಗೈ ಇವು ಅವರ ಆಸ್ತಿ. ಮಹಮ್ಮದ್ ಅಲಿಯೊಂದಿಗೆ ಹೋರಾಡಲು ಅಮೆರಿಕದ ವ್ಯವಸ್ಥಾಪಕರು ಭಾರಿ ಮೊತ್ತದ ಆಹ್ವಾನವಿತ್ತರು. ತಮ್ಮ ದೇಶದ ಜನರ ಪ್ರೀತಿಯ ಮುಂದೆ ಆ ಹಣವು ದೊಡ್ಡದಲ್ಲವೆಂದು ಸ್ಟೀವನ್‌ಸನ್ ಅದನ್ನು ನಿರಾಕರಿಸಿದರು. ಅವರ ದೇಶದವರೇ ಆದ ಫೆಲಿಕ್ಸ್ ಸವೋನ್ ಸಹ 1992, 1996 ಮತ್ತು 2000ದಲ್ಲಿ ಮೂರು ಚಿನ್ನಗಳನ್ನು ಗೆದ್ದು ಅದೇ ಹಾದಿಯನ್ನು ಹಿಡಿದರು.

ಇಂತಹ ಮುಷ್ಟಿಯೋಧರು ದಿನವಿಡೀ ಸರ್ಕಾರದ ಆಶ್ರಯದಲ್ಲಿ ಅಭ್ಯಾಸ ನಡೆಸುತ್ತಿದ್ದುದರಿಂದ ಅವರನ್ನು ಹವ್ಯಾಸಿಗಳೆನ್ನುವುದು ಹೇಗೆ ಎಂದು ಆಕ್ಷೇಪಿಸಿದವರೂ ಉಂಟು. ಆಕ್ಷೇಪವು ನಿರಾಧಾರವಾದುದಲ್ಲ. ಆದರೆ ಕೋಟಿ ಹಣವನ್ನು ಬೇಡವೆಂದವರ ಹೋರಾಟವನ್ನು ವ್ಯಾಪಾರವೆನ್ನುವುದೂ ಸುಲಭವಲ್ಲ. ‘ಹವ್ಯಾಸಿ’ ಎಂಬ ಪದವು ಆ ವೇಳೆಗಾಗಲೇ ಸಡಿಲಗೊಳ್ಳತೊಡಗಿತ್ತು.

ತೀರ್ಪಿನ ಮೇಲಿನ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1988ರಲ್ಲಿ, ಸಿಯೋಲ್ ಒಲಿಂಪಿಕ್ಸ್‌ನಲ್ಲಿ. 71 ಕಿಲೋಗ್ರಾಂ ವಿಭಾಗದ ಅಂತಿಮ ಪಂದ್ಯದಲ್ಲಿ ಅಮೆರಿಕದ ಹತ್ತೊಂಬತ್ತು ವರ್ಷದ ರಾಯ್ ಜೋನ್ಸ್, ಆತಿಥೇಯ ದೇಶವಾದ ದಕ್ಷಿಣ ಕೊರಿಯಾದ ಪಾರ್ಕ್ ಸಿ-ಹುನ್ ಅವರನ್ನು ಎದುರಿಸಿದರು. ದೂರದರ್ಶನದವರ ಎಣಿಕೆಯಂತೆ ಜೋನ್ಸ್ ಅವರ 86 ಹೊಡೆತಗಳು ತಗುಲಿದ್ದವು. ಪಾರ್ಕ್ ಅವರವು 32. ಆದರೂ ಐವರು ತೀರ್ಪುಗಾರರಲ್ಲಿ ಮೂವರು ಪಾರ್ಕ್ ಅವರನ್ನು ವಿಜಯಿಯೆಂದರು. ಗೆದ್ದ ಪಾರ್ಕ್ ಅವರ ಮುಖದಲ್ಲಿಯೇ ನಾಚಿಕೆಯಿತ್ತು. ಅವರು ಸೋತ ಜೋನ್ಸ್ ಅವರನ್ನು ಎತ್ತಿ ಹಿಡಿದು ಗೌರವಿಸಿದರು. ಆ ಕ್ರೀಡೆಗಳ ಅತ್ಯುತ್ತಮ ಮುಷ್ಟಿಯೋಧನಿಗೆ ಸಲ್ಲುವ ವಾಲ್ ಬಾರ್ಕರ್ ಪಾರಿತೋಷಕವು ಬೆಳ್ಳಿ ಗೆದ್ದ ಜೋನ್ಸ್ ಅವರಿಗೇ ದೊರೆಯಿತು. ಮುಂದೆ 1997ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ವಿಚಾರಣೆ ಮುಗಿಸಿ, ಲಂಚಕ್ಕೆ ಸಾಕ್ಷ್ಯವಿಲ್ಲವೆಂದು ಹೇಳಿ ಫಲಿತಾಂಶವನ್ನು ಹಾಗೆಯೇ ಉಳಿಸಿತು.

ಮನುಷ್ಯರ ಕಣ್ಣು ತಪ್ಪಿದರೆ ಯಂತ್ರದ ನೆರವು ಪಡೆಯಬೇಕು ಎಂಬ ಆಲೋಚನೆಯು ಬಲವಾಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಗಣಕಯಂತ್ರದ ಅಂಕಪದ್ಧತಿಯು ಜಾರಿಗೆ ಬಂದಿತು. ಅಖಾಡದ ಸುತ್ತ ಕುಳಿತ ಐವರು ತೀರ್ಪುಗಾರರ ಮುಂದೆ ಕೆಂಪು ಮೂಲೆಯ ಸ್ಪರ್ಧಿಗೆ ಒಂದು, ನೀಲಿ ಮೂಲೆಯ ಸ್ಪರ್ಧಿಗೆ ಒಂದು ಎಂದು ಗುಂಡಿಗಳಿರುತ್ತಿದ್ದವು. ಹೊಡೆತ ತಗುಲಿದಾಗ ಕನಿಷ್ಠ ಮೂವರು ಒಂದು ಸೆಕೆಂಡಿನ ಅವಧಿಯಲ್ಲಿ ಅದೇ ಗುಂಡಿಯನ್ನು ಒತ್ತಿದರೆ ಮಾತ್ರ ಒಂದು ಅಂಕ. ಒಬ್ಬಿಬ್ಬರ ಪಕ್ಷಪಾತವು ಇಲ್ಲಿ ನಡೆಯಲಾರದೆಂಬ ಭರವಸೆಯಿತ್ತು.

ಆದರೆ ಎಣಿಸುವ ರೀತಿ ಬದಲಾದೊಡನೆ ಹೋರಾಡುವ ರೀತಿಯೂ ಬದಲಾಯಿತು. ಹೊಟ್ಟೆಗೆ, ಪಕ್ಕೆಗೆ ಬೀಳುವ ಹೊಡೆತಗಳು ಐವರಿಗೂ ಸಮನಾಗಿ ಕಾಣುವುದಿಲ್ಲ. ಸರಸರನೆ ಬೀಳುವ ನಾಲ್ಕೈದು ಹೊಡೆತಗಳಿಗೆ ಬೆರಳುಗಳು ಅಷ್ಟೇ ವೇಗದಲ್ಲಿ ಸ್ಪಂದಿಸುವುದಿಲ್ಲ. ತಲೆಗೆ ತಗುಲುವ ಒಂದೇ ಒಂದು ನೇರ ಹೊಡೆತವು ಎಲ್ಲರಿಗೂ ಕಾಣುತ್ತದೆ. ಇದನ್ನು ಅರಿತ ಸ್ಪರ್ಧಿಗಳು ಒಂದು ಹೊಡೆತ ಹೊಡೆದು ಹಿಂದೆ ಸರಿಯುವುದನ್ನು ಕಲಿತರು. ಎರಡು ಅಂಕಗಳ ಮುನ್ನಡೆ ದೊರೆತ ಮೇಲೆ ಅದನ್ನು ಕಾಯ್ದುಕೊಂಡು ಓಡಾಡುವುದೇ ಜಾಣತನವೆನಿಸಿತು. ಸುತ್ತುಗಳ ಲೆಕ್ಕವೂ ಬದಲಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಎರಡು ನಿಮಿಷಗಳ ನಾಲ್ಕು ಸುತ್ತುಗಳಿದ್ದವು; 2009ರಲ್ಲಿ ಮೂರು ನಿಮಿಷಗಳ ಮೂರು ಸುತ್ತುಗಳ ಹಳೆಯ ಕ್ರಮವು ಹಿಂದಿರುಗಿತು.

ನಿಯಮವು ಎಷ್ಟೇ ಬಿಗಿಯಾಗಿದ್ದರೂ ನಿಜವಾದ ಪ್ರತಿಭೆಯು ಅದರೊಳಗೆ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಉಕ್ರೇನಿನ ವಾಸಿಲ್ ಲೊಮಚೆಂಕೊ ಇದಕ್ಕೆ ಸಾಕ್ಷಿ. ಅವರ ತರಬೇತುದಾರರಾದ ತಂದೆಯು, ಬಾಲ್ಯದಲ್ಲಿ ಕೆಲವು ಕಾಲ ಮಗನ ಮುಷ್ಟಿಯುದ್ಧದ ಅಭ್ಯಾಸವನ್ನು ನಿಲ್ಲಿಸಿ, ತಮ್ಮ ನಾಡಿನ ಜಾನಪದ ನೃತ್ಯವನ್ನು ಕಲಿಸಿದರು. ಆ ನೃತ್ಯದಿಂದ ಬಂದ ಪಾದಗಳ ಚಲನೆಯೇ ಲೊಮಚೆಂಕೊ ಅವರ ದೊಡ್ಡ ಬಲವಾಯಿತು. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಅವರು ಚಿನ್ನ ಗೆದ್ದರು. ಅವರ ಹವ್ಯಾಸಿ ಜೀವನದ ಲೆಕ್ಕ 396 ಗೆಲುವು, ಒಂದೇ ಸೋಲು. ಆ ಒಂದು ಸೋಲನ್ನು ಉಣಿಸಿದ ರಷ್ಯಾದ ಎದುರಾಳಿಯನ್ನೂ ಅವರು ಮುಂದೆ ಸೋಲಿಸಿದರು.

2012ರ ಲಂಡನ್ ಒಲಿಂಪಿಕ್ಸ್‌ನ ನಂತರ ಗುಂಡಿಯೊತ್ತುವ ಪದ್ಧತಿಯನ್ನು ಕೈಬಿಡಲಾಯಿತು. 2013ರಿಂದ ಪ್ರತಿ ಸುತ್ತಿನಲ್ಲಿ ಮೇಲುಗೈ ಪಡೆದವನಿಗೆ 10 ಅಂಕ, ಎದುರಾಳಿಗೆ 9 ಅಥವಾ ಅದಕ್ಕಿಂತ ಕಡಿಮೆ ಎಂಬ, ವೃತ್ತಿಪರರಲ್ಲಿ ಮೊದಲೇ ಇದ್ದ ಕ್ರಮವು ಬಂದಿತು. ತೀರ್ಪು ಮತ್ತೆ ಮನುಷ್ಯರ ಕಣ್ಣಿಗೇ ಹಿಂದಿರುಗಿತು.

ಅದೇ ವರ್ಷ ಇನ್ನೊಂದು ಬದಲಾವಣೆಯಾಯಿತು. 1984ರಿಂದ ಒಲಿಂಪಿಕ್ಸ್‌ನಲ್ಲಿ ಕಡ್ಡಾಯವಾಗಿದ್ದ ಶಿರಸ್ತ್ರಾಣವನ್ನು ವಯಸ್ಕ ಪುರುಷರ ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ತೆಗೆದುಹಾಕಲಾಯಿತು. ತಲೆಯ ರಕ್ಷಣೆಗೆಂದು ತಂದದ್ದನ್ನು ತೆಗೆಯುವುದೇ ಎಂದು ಅನೇಕರು ಬೆರಗಾದರು. ಇದಕ್ಕೆ ಕೊಟ್ಟ ಕಾರಣವು ವಿಚಾರಾರ್ಹವಾಗಿದೆ. ಮೆತ್ತನೆಯ ಶಿರಸ್ತ್ರಾಣವು ಹುಬ್ಬು, ಕಿವಿಗಳಿಗೆ ಗಾಯವಾಗದಂತೆ ತಡೆಯುತ್ತದೆ, ನಿಜ. ಆದರೆ ಹೊಡೆತಕ್ಕೆ ತಲೆಯು ಥಟ್ಟನೆ ತಿರುಗಿದಾಗ ತಲೆಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ಅದು ತಡೆಯಲಾರದು. ಮೇಲಾಗಿ ಅದು ತಲೆಯ ಗಾತ್ರವನ್ನು ಹೆಚ್ಚಿಸಿ, ಪಕ್ಕದ ನೋಟವನ್ನು ಮರೆಮಾಡಿ, ತನಗೆ ಪೆಟ್ಟಾಗದೆಂಬ ಹುಸಿ ಧೈರ್ಯವನ್ನೂ ತುಂಬುತ್ತದೆ ಎಂದು ಸಂಸ್ಥೆಯು ವಾದಿಸಿತು. ಶಿರಸ್ತ್ರಾಣ ಹೋದ ಮೇಲೆ ಮುಖದ ಮೇಲಿನ ಗಾಯಗಳು ಹೆಚ್ಚಿದವು. ಮಹಿಳೆಯರು ಮತ್ತು ಕಿರಿಯರು ಅದನ್ನು ಧರಿಸುವ ಪದ್ಧತಿಯು ಮುಂದುವರಿಯಿತು. ಈ ವಿಷಯದಲ್ಲಿ ವೈದ್ಯರ ಚರ್ಚೆಯು ಇನ್ನೂ ಮುಗಿದಿಲ್ಲ.

ಭಾರತದಲ್ಲಿ ಈ ಕ್ರೀಡೆಯನ್ನು ಬಹುಕಾಲ ಪೋಷಿಸಿದ್ದು ಸೈನ್ಯ. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಪದಮ್ ಬಹಾದುರ್ ಮಲ್ಲ ಈ ಕ್ರೀಡೆಯಲ್ಲಿ ದೇಶಕ್ಕೆ ಮೊದಲ ಏಷ್ಯನ್ ಚಿನ್ನವನ್ನು ತಂದರು. ಸೈನಿಕರೇ ಆಗಿದ್ದ ಹವಾ ಸಿಂಗ್ 1966 ಮತ್ತು 1970ರಲ್ಲಿ ಬ್ಯಾಂಕಾಕಿನಲ್ಲಿ ನಡೆದ ಎರಡು ಏಷ್ಯನ್ ಕ್ರೀಡೆಗಳಲ್ಲಿಯೂ ಹೆವಿವೇಟ್ ಚಿನ್ನವನ್ನು ಗೆದ್ದರು. ನಿವೃತ್ತರಾದ ಮೇಲೆ ಅವರು ಹರಿಯಾಣದ ಭಿವಾನಿಯಲ್ಲಿ ಬಾಲಕರನ್ನು ಕಲೆಹಾಕಿ ತರಬೇತಿ ಕೊಡತೊಡಗಿದರು. ಆ ಊರು ಬರಬರುತ್ತ ‘ಪುಟ್ಟ ಕ್ಯೂಬಾ’ ಎಂಬ ಹೆಸರು ಪಡೆಯಿತು. 1990ರ ಸುಮಾರಿಗೆ ಕ್ಯೂಬಾದಿಂದಲೇ ಬಂದ ತರಬೇತುದಾರ ಬಿ. ಐ. ಫರ್ನಾಂಡಿಸ್ ಭಾರತೀಯರಿಗೆ ತಮ್ಮ ನಾಡಿನ ಕಲೆಯನ್ನು ಹಲವು ವರ್ಷ ಧಾರೆಯೆರೆದರು; 2012ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿಯು ಸಂದಿತು. ಭಿವಾನಿಯ ವಿಜೇಂದರ್ ಸಿಂಗ್ 2008ರಲ್ಲಿ ಬೀಜಿಂಗ್‌ನಲ್ಲಿ ಕಂಚು ಗೆದ್ದು, ಮುಷ್ಟಿಯುದ್ಧದಲ್ಲಿ ಭಾರತದ ಮೊದಲ ಒಲಿಂಪಿಕ್ ಪದಕವನ್ನು ತಂದರು.

ಭಾರತದ ಇನ್ನೊಂದು ಮೂಲೆಯಾದ ಮಣಿಪುರದಲ್ಲಿ, 1998ರ ಏಷ್ಯನ್ ಕ್ರೀಡೆಗಳಲ್ಲಿ ಡಿಂಕೊ ಸಿಂಗ್ ಗೆದ್ದ ಚಿನ್ನವು ಒಬ್ಬ ಕೃಷಿಕರ ಮಗಳ ಮನಸ್ಸಿನಲ್ಲಿ ಆಸೆಯನ್ನು ಬಿತ್ತಿತು. ಆಕೆಯೇ ಮೇರಿ ಕೋಮ್. ಮಹಿಳೆಯರ ಮೊದಲ ವಿಶ್ವ ಪಂದ್ಯಾವಳಿಯು 2001ರಲ್ಲಿ ನಡೆದಾಗ ಅವರು ಬೆಳ್ಳಿ ಗೆದ್ದರು. 2002ರಿಂದ 2018ರವರೆಗಿನ ಅವಧಿಯಲ್ಲಿ ಆರು ಬಾರಿ ವಿಶ್ವ ವಿಜೇತರಾದರು. ಅವಳಿ ಮಕ್ಕಳ ತಾಯಿಯಾದ ಮೇಲೆಯೂ ಅಖಾಡಕ್ಕೆ ಮರಳಿ 2008ರಲ್ಲಿ ಪ್ರಶಸ್ತಿ ಗೆದ್ದದ್ದು ಅವರ ಮನೋಬಲಕ್ಕೆ ನಿದರ್ಶನ. ಮಹಿಳೆಯರ ಮುಷ್ಟಿಯುದ್ಧವು 2012ರಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಸೇರಿದಾಗ ಪುರುಷರಿಗೆ ಹತ್ತು ತೂಕ ವಿಭಾಗಗಳಿದ್ದರೆ ಮಹಿಳೆಯರಿಗೆ ಇದ್ದದ್ದು ಮೂರೇ. ಅತಿ ಕಡಿಮೆಯದೆಂದರೆ 51 ಕಿಲೋಗ್ರಾಂ. ಮೇರಿ ಕೋಮ್ ಅದಕ್ಕಿಂತ ಕಡಿಮೆ ತೂಕದಲ್ಲಿ ಹೆಸರು ಮಾಡಿದವರು. ತಮಗಿಂತ ದೇಹದಲ್ಲಿ ದೊಡ್ಡವರಾದ ಸ್ಪರ್ಧಿಗಳೊಡನೆ ಹೋರಾಡಿಯೂ ಅವರು ಕಂಚು ಗೆದ್ದರು. ಉಪಾಂತ್ಯದಲ್ಲಿ ಅವರನ್ನು ಸೋಲಿಸಿದ ಇಂಗ್ಲೆಂಡಿನ ನಿಕೊಲಾ ಆಡಮ್ಸ್ ಮಹಿಳೆಯರಲ್ಲಿ ಮೊದಲ ಒಲಿಂಪಿಕ್ ವಿಜೇತೆಯಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವೇಳೆಗೆ ಪುರುಷರಿಗೆ ಏಳು, ಮಹಿಳೆಯರಿಗೆ ಆರು ವಿಭಾಗಗಳಾಗಿ ಅಂತರವು ತಗ್ಗಿತು. ಅಸ್ಸಾಮಿನ ಲವ್ಲಿನಾ ಬೋರ್ಗೊಹೈನ್ 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ ಕಂಚು ಗೆದ್ದರು. ತೆಲಂಗಾಣದ ನಿಖತ್ ಜರೀನ್ 2022 ಮತ್ತು 2023ರಲ್ಲಿ ವಿಶ್ವ ವಿಜೇತರಾದರು.

ಈ ನಡುವೆ ಹವ್ಯಾಸಿ ಮತ್ತು ವೃತ್ತಿಪರರ ನಡುವಿನ ಗೋಡೆಯು ಕುಸಿಯಿತು. 2007ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ತನ್ನ ಹೆಸರಿನಿಂದ ‘ಹವ್ಯಾಸಿ’ ಎಂಬ ಪದವನ್ನೇ ತೆಗೆದುಹಾಕಿತು. 2016ರ ರಿಯೋ ಒಲಿಂಪಿಕ್ಸ್‌ಗೆ ವೃತ್ತಿಪರರಿಗೂ ಪ್ರವೇಶ ದೊರೆಯಿತು. ಮೂವರು ವೃತ್ತಿಪರರು ಭಾಗವಹಿಸಿದರು. ಮೂವರೂ ಪದಕವಿಲ್ಲದೆ ಹಿಂದಿರುಗಿದರು. ಮೂರು ಸುತ್ತುಗಳ ಹೋರಾಟವು ಬೇರೆಯೇ ವಿದ್ಯೆ ಎಂಬುದು ಇದರಿಂದ ಸ್ಪಷ್ಟವಾಯಿತು. ಸ್ಟೀವನ್‌ಸನ್ ಅವರ ಕ್ಯೂಬಾ ಸಹ 2022ರಲ್ಲಿ ತನ್ನ ಮುಷ್ಟಿಯೋಧರಿಗೆ ವೃತ್ತಿಪರ ಪಂದ್ಯಗಳಲ್ಲಿ ಭಾಗವಹಿಸಲು ಅನುಮತಿ ನೀಡಿತು.

ಆದರೆ ಹಳೆಯ ಕೊರತೆಯು ಉಳಿದೇ ಇತ್ತು. ರಿಯೋ ಕ್ರೀಡೆಗಳ ತೀರ್ಪುಗಳ ಬಗ್ಗೆ ಎದ್ದ ದೂರುಗಳ ಫಲವಾಗಿ ಅಲ್ಲಿ ಕೆಲಸ ಮಾಡಿದ 36 ಮಂದಿ ರೆಫರಿಗಳು ಮತ್ತು ತೀರ್ಪುಗಾರರನ್ನು ದೂರವಿರಿಸಲಾಯಿತು. ಸ್ವತಂತ್ರ ತನಿಖೆಯ 2021ರ ವರದಿಯು ಕೆಲವು ತೀರ್ಪುಗಳನ್ನು ಮೊದಲೇ ಹೊಂದಿಸುವ ವ್ಯವಸ್ಥೆಯಿದ್ದಿತೆಂದು ಹೇಳಿತು. ಒಲಿಂಪಿಕ್ ಸಮಿತಿಯು 2019ರಲ್ಲಿ ಆ ಸಂಸ್ಥೆಯ ಮಾನ್ಯತೆಯನ್ನು ಅಮಾನತುಗೊಳಿಸಿ, 2023ರಲ್ಲಿ ಸಂಪೂರ್ಣವಾಗಿ ರದ್ದುಪಡಿಸಿತು. 2028ರ ಲಾಸ್ ಏಂಜಲೀಸ್ ಕ್ರೀಡೆಗಳಲ್ಲಿ ಮುಷ್ಟಿಯುದ್ಧವು ಇರುವುದೋ ಇಲ್ಲವೋ ಎಂಬ ಸಂದೇಹವೂ ಉಂಟಾಯಿತು. ಹೊಸದೊಂದು ವಿಶ್ವ ಸಂಸ್ಥೆಗೆ ತಾತ್ಕಾಲಿಕ ಮಾನ್ಯತೆ ದೊರೆತ ಮೇಲೆ, 2025ರ ಮಾರ್ಚಿಯಲ್ಲಿ ಸಮಿತಿಯು ಈ ಕ್ರೀಡೆಯನ್ನು ಉಳಿಸಿಕೊಳ್ಳಲು ಒಪ್ಪಿತು.

ಕೈಗವಸು ಬದಲಾಯಿತು, ಶಿರಸ್ತ್ರಾಣ ಬಂದು ಹೋಯಿತು, ಸುತ್ತುಗಳ ಲೆಕ್ಕ ಬದಲಾಯಿತು, ಯಂತ್ರವೂ ಬಂದು ಹಿಂದೆ ಸರಿಯಿತು. ನಿಯಮಗಳು ಅನ್ಯಾಯದ ದಾರಿಗಳನ್ನು ಕಿರಿದುಗೊಳಿಸಬಲ್ಲವು. ಅವುಗಳನ್ನು ನಡೆಸುವವರಿಗೆ ಪ್ರಾಮಾಣಿಕತೆಯನ್ನು ಕೊಡಲಾರವು. ಅದನ್ನು ಆಟಗಾರರೇ ತೋರಿಸಿಕೊಟ್ಟ ಸಂದರ್ಭವೂ ಉಂಟು. ಸಿಯೋಲ್‌ನ ಆ ಅಂತಿಮ ಪಂದ್ಯ ನಡೆದು ಮೂವತ್ತೈದು ವರ್ಷಗಳಾದ ಮೇಲೆ, 2023ರಲ್ಲಿ, ಪಾರ್ಕ್ ಸಿ-ಹುನ್ ಅಮೆರಿಕಕ್ಕೆ ಹೋಗಿ ರಾಯ್ ಜೋನ್ಸ್ ಅವರನ್ನು ಅವರ ಊರಿನಲ್ಲಿ ಕಂಡರು. ತಮ್ಮ ಚಿನ್ನದ ಪದಕವು ಅವರಿಗೇ ಸೇರಬೇಕಾದದ್ದೆಂದು ಹೇಳಿ ಅದನ್ನು ಅವರ ಕೈಗಿತ್ತರು. ದಾಖಲೆಯ ಪುಸ್ತಕದಲ್ಲಿ ಇಂದಿಗೂ ಪಾರ್ಕ್ ಅವರೇ ವಿಜಯಿ. ಐವರು ತೀರ್ಪುಗಾರರಿಂದಲೂ ಒಂದು ಸಮಿತಿಯ ವಿಚಾರಣೆಯಿಂದಲೂ ಸರಿಹೋಗದ ತೀರ್ಪನ್ನು, ಅದರಿಂದ ಲಾಭ ಪಡೆದ ವ್ಯಕ್ತಿಯೇ ತನ್ನ ಕೈಯಾರೆ ತಿದ್ದಿದರು.